ಕೋಟದಿಂದ ಸಕಲವಾರಕ್ಕೆ: ಆರ್. ಎಲ್. ಕಪೂರ್ ಅವರ ಸಂಶೋಧನೆ ಮತ್ತು ನೋವನ್ನು ಕೇಳುವ ಭಾಷೆ

ಭಾರತದಲ್ಲಿ ಮಾನಸಿಕ ಆರೋಗ್ಯಸೇವೆಯ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಆಸ್ಪತ್ರೆಗಳ ಸ್ಥಾಪನೆ, ಕಾಯಿದೆಗಳ ಬದಲಾವಣೆ, ಹೊಸ ಔಷಧಿಗಳ ಬಳಕೆ ಎಂಬ ಮೂರು ಎಳೆಗಳನ್ನು ಹಿಡಿದು ಬರೆದಿದ್ದಾರೆ. ಆಸ್ಪತ್ರೆಯ ಬಾಗಿಲಿಗೆ ಬಾರದವರ ನೋವನ್ನು ಯಾರು, ಎಲ್ಲಿ, ಯಾವ ಮಾತಿನಲ್ಲಿ ವಿಚಾರಿಸಿದರು ಎಂಬ ಪ್ರಶ್ನೆಗೆ ಅಲ್ಲಿ ದೊರೆಯುವ ಉತ್ತರ ಕಡಿಮೆ. ಮನೋವೈದ್ಯ ಹಾಗೂ ವರ್ತನಾವಿಜ್ಞಾನಿ ಆರ್. ಎಲ್. ಕಪೂರ್ (1938–2006) ಅವರ ವೃತ್ತಿಜೀವನವು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಕನ್ನಡ ಅವರ ಮನೆಮಾತಲ್ಲ. ಆದರೆ ಅವರಿಗೆ ಹೆಸರು ತಂದ ಸಂಶೋಧನೆ ನಡೆದದ್ದು ಕನ್ನಡದ ಕರಾವಳಿಯ ಒಂದು ಊರಿನಲ್ಲಿ.

ಆ ಊರು ಶಿವರಾಮ ಕಾರಂತರು ಹುಟ್ಟಿದ ಕೋಟ. ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕೋಟ ಇಂದು ಉಡುಪಿ ಜಿಲ್ಲೆಯಲ್ಲಿದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಜಿ. ಮೊರಿಸ್ ಕಾರ್‌ಸ್ಟೇರ್ಸ್ ಅವರೊಡನೆ ಕಪೂರ್ 1970ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಅದರ ಫಲವಾಗಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಪ್ರಕಟವಾಯಿತು. ಭಾರತದಲ್ಲಿಯೇ ಹುಟ್ಟಿದ ಕಾರ್‌ಸ್ಟೇರ್ಸ್ ಅದಕ್ಕೂ ಮೊದಲು ರಾಜಸ್ಥಾನದ ಮೇಲುಜಾತಿಗಳನ್ನು ಕುರಿತು ‘ದಿ ಟ್ವೈಸ್-ಬಾರ್ನ್’ (1957) ಬರೆದಿದ್ದರು. ಕೋಟದಲ್ಲಿ ಅಧ್ಯಯನಕ್ಕೆ ಆಯ್ದುಕೊಂಡದ್ದು ಬ್ರಾಹ್ಮಣ, ಬಂಟ ಮತ್ತು ಮೊಗೇರ ಸಮುದಾಯಗಳನ್ನು. ಬ್ರಾಹ್ಮಣರದು ಪಿತೃಮೂಲ ಪದ್ಧತಿ. ಉಳಿದೆರಡು ಸಮುದಾಯಗಳಲ್ಲಿ ಅಳಿಯಸಂತಾನದ ಪರಂಪರೆಯಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ನಂತರ ಆ ಪರಂಪರೆ ಸಡಿಲಗೊಳ್ಳುತ್ತಿದ್ದ ಕಾಲವದು. ಮನೆತನದ ರಚನೆ ಬದಲಾಗುವಾಗ ಮನಸ್ಸಿನ ಮೇಲಾಗುವ ಒತ್ತಡವನ್ನು ಅಳೆಯಬಹುದೇ ಎಂಬುದು ಸಂಶೋಧಕರ ಮುಂದಿದ್ದ ಸಮಸ್ಯೆ.

ಅಳೆಯುವುದಕ್ಕೆ ಸಾಧನ ಬೇಕಿತ್ತು. ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಸಿದ್ಧಗೊಂಡ ಪ್ರಶ್ನಾವಳಿಯನ್ನು ಅನುವಾದಿಸಿ ತಂದರೆ ಕೋಟದ ಮೀನುಗಾರ ಮಹಿಳೆಯ ಮಾತು ಅದರ ಚೌಕಟ್ಟಿನಲ್ಲಿ ಕೂರುವುದಿಲ್ಲ. ಕರಾವಳಿಯ ‘ಮಂಡೆಬಿಸಿ’ ಎಂಬ ಪದವನ್ನೇ ನೋಡಬಹುದು. ಅದು ಚಿಂತೆಯೂ ಹೌದು, ಕಿರಿಕಿರಿಯೂ ಹೌದು, ಕೆಲವೊಮ್ಮೆ ನಿಜವಾದ ತಲೆನೋವೂ ಹೌದು. ‘ಬೇಜಾರು’ ಎಂಬುದರಲ್ಲಿ ದುಃಖ, ಬೇಸರ, ಅಸಮಾಧಾನ ಮೂರೂ ಸೇರಿಕೊಂಡಿವೆ. ಕಪೂರ್, ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಸೇರಿ ರೂಪಿಸಿದ ‘ಇಂಡಿಯನ್ ಸೈಕಿಯಾಟ್ರಿಕ್ ಸರ್ವೇ ಷೆಡ್ಯೂಲ್’ ಈ ತೊಡಕಿಗೆ ಕಂಡುಕೊಂಡ ಉತ್ತರ. ರೋಗದ ಹೆಸರನ್ನು ಮೊದಲೇ ನಿಶ್ಚಯಿಸದೆ ಒಂದೊಂದು ಲಕ್ಷಣವನ್ನೂ ಹಂತಹಂತವಾಗಿ ವಿಚಾರಿಸುವುದು ಅದರ ಕ್ರಮ. ಲಕ್ಷಣಗಳ ಜೊತೆಗೆ ವ್ಯಕ್ತಿಯ ದೈನಂದಿನ ವ್ಯವಹಾರ ಎಷ್ಟರಮಟ್ಟಿಗೆ ಕುಂದಿದೆ ಎಂಬುದನ್ನೂ ಗಣಿಸಿ, ಯಾರಿಗೆ ನೆರವು ಬೇಕು ಎಂಬುದನ್ನು ಅಂದಾಜು ಮಾಡಲಾಯಿತು. ‘ಎಷ್ಟು ರೋಗಿಗಳಿದ್ದಾರೆ?’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಎಷ್ಟು ಜನರಿಗೆ ಆರೈಕೆಯ ಅಗತ್ಯವಿದೆ?’ ಎಂಬ ಪ್ರಶ್ನೆ ಬಂದದ್ದು ಈ ಅಧ್ಯಯನದ ಮುಖ್ಯ ತಿರುವು.

ಎರಡನೆಯ ತಿರುವು ಆರೈಕೆ ನೀಡುವವರನ್ನು ಕುರಿತದ್ದು. 1975ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಪ್ರಕಟವಾದ ಲೇಖನದಲ್ಲಿ ಕಪೂರ್, ಹಳ್ಳಿಯಲ್ಲಿ ಈಗಾಗಲೇ ಇರುವ ಚಿಕಿತ್ಸಾ ವ್ಯವಸ್ಥೆಯನ್ನು ವಿವರಿಸಿದರು. ಅಲ್ಲಿ ವೈದ್ಯರು, ಮಂತ್ರವಾದಿಗಳು ಮತ್ತು ಮೈಮೇಲೆ ದೈವ ಬರುವ ಪಾತ್ರಿಗಳಿದ್ದರು. ಇಂಗ್ಲಿಷ್ ಮದ್ದಿನ ಡಾಕ್ಟರರೂ ಇದ್ದರು. ಜನರು ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸಿಕೊಳ್ಳುತ್ತಿರಲಿಲ್ಲ. ಇಬ್ಬರ ಬಳಿಗೂ ಹೋಗುತ್ತಿದ್ದರು, ಅದರಲ್ಲಿ ವಿರೋಧವನ್ನೂ ಕಾಣುತ್ತಿರಲಿಲ್ಲ. ಮುಂದಿನ ಯಾವುದೇ ಯೋಜನೆ ಈ ವಾಸ್ತವವನ್ನು ಗಣನೆಗೆ ತೆಗೆದುಕೊಳ್ಳಬೇಕೆಂಬುದು ಆ ಲೇಖನದಿಂದ ಹೊರಡುವ ನಿಲುವು. 1956ರ ನವೆಂಬರ್ 1ರವರೆಗೆ ಇದೇ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡಿಗೆ ಪಾತ್ರಿ, ಮಂತ್ರವಾದಿ ಎಂಬ ಹೆಸರುಗಳು ಅಪರಿಚಿತವಲ್ಲ. ಕೋಟದ ಅಧ್ಯಯನವನ್ನು ಗಡಿಯಾಚೆಯ ಓದುಗರು ತಮ್ಮದೆಂದು ಓದಿಕೊಳ್ಳಲು ಇದೊಂದು ಕಾರಣ.

1974ರ ಡಿಸೆಂಬರಿನಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಮರುವರ್ಷ ಅಲ್ಲಿ ಆರಂಭವಾದ ಸಮುದಾಯ ಮನೋವೈದ್ಯಕೀಯ ಘಟಕದ ನೇತೃತ್ವ ಕಪೂರ್ ಅವರದು. ಆನೇಕಲ್ ತಾಲ್ಲೂಕಿನ ಸಕಲವಾರದ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿಯ ಪ್ರಯೋಗ ನಡೆಯಿತು. ಹರಿಯಾಣದ ರಾಯ್‌ಪುರ ರಾಣಿಯಲ್ಲಿ ಅದೇ ಕಾಲದಲ್ಲಿ ನಡೆದ ಪ್ರಯೋಗದೊಡನೆ ಸೇರಿ ಇದು 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. 1985ರಿಂದ 1990ರವರೆಗೆ ನಿಮ್ಹಾನ್ಸ್ ತಂಡ ಬಳ್ಳಾರಿಯಲ್ಲಿ ಅದರ ಜಿಲ್ಲಾ ಮಾದರಿಯನ್ನು ಪರೀಕ್ಷಿಸಿತು. 1996ರಲ್ಲಿ ಆ ಮಾದರಿ ದೇಶದ ನಾಲ್ಕು ಜಿಲ್ಲೆಗಳಿಗೆ ವಿಸ್ತರಿಸಿತು.

ಈ ದಾರಿಯಲ್ಲಿ ಕೋಟದ ಎರಡು ಪಾಠಗಳಲ್ಲಿ ಒಂದೇ ಮುಂದೆ ಸಾಗಿತು. ಹಳ್ಳಿಯಲ್ಲಿ ಆರೈಕೆ ಬೇಕಾದವರಿದ್ದಾರೆ ಎಂಬುದನ್ನು ಸರ್ಕಾರ ಒಪ್ಪಿತು. ಆದರೆ ಹಳ್ಳಿಗೆ ತನ್ನದೇ ಆರೈಕೆಯ ಕ್ರಮವೂ ನೋವಿನ ಪರಿಭಾಷೆಯೂ ಇದೆ ಎಂಬುದು ತರಬೇತಿಯ ಕೈಪಿಡಿಗಳಿಗೂ ಔಷಧಿಗಳ ಪಟ್ಟಿಗೂ ಒಗ್ಗಲಿಲ್ಲ. ಸಮುದಾಯದ ಹೆಸರಿನ ಕಾರ್ಯಕ್ರಮ ಮೇಲಿನಿಂದ ಕೆಳಗಿಳಿದು ಬಂದದ್ದು ಎಂಬ ವಿಮರ್ಶೆಯನ್ನು ಕಪೂರ್ ಅವರೇ ತಮ್ಮ ಕೊನೆಯ ವರ್ಷಗಳಲ್ಲಿ ಮಾಡಿದರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದಾಗ ಸಂನ್ಯಾಸಿಗಳನ್ನು ಕುರಿತು ಅವರು ನಡೆಸಿದ ಅಧ್ಯಯನ ಮರಣಾನಂತರ 2009ರಲ್ಲಿ ‘ಅನದರ್ ವೇ ಟು ಲಿವ್’ ಎಂಬ ಪುಸ್ತಕವಾಗಿ ಬಂದಿತು. ಜನರು ತಮ್ಮ ಬದುಕಿಗೆ ತಾವೇ ಕೊಟ್ಟುಕೊಂಡ ಅರ್ಥವನ್ನು ಮೊದಲು ಕೇಳಬೇಕೆಂಬ ಕೋಟದ ಕ್ರಮದ ಮುಂದುವರಿಕೆಯಾಗಿ ಅದನ್ನು ಓದಬಹುದು.

ಗಡಿನಾಡಿನಲ್ಲಿ ಈ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ಜಿಲ್ಲಾ ಕಾರ್ಯಕ್ರಮದ ವ್ಯಾಪ್ತಿಯನ್ನು ಆಡಳಿತದ ಎಲ್ಲೆ ನಿರ್ಧರಿಸುತ್ತದೆ. ನೋವಿನ ಮಾತು ಆ ಎಲ್ಲೆಯನ್ನು ಅನುಸರಿಸುವುದಿಲ್ಲ. ಬಳ್ಳಾರಿ ಪ್ರಯೋಗಕ್ಕೆ ಮೂರು ದಶಕಗಳ ಹಿಂದೆ, 1953ರಲ್ಲಿ, ಆ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ್ದವು. 1996ರ ನಾಲ್ಕು ಜಿಲ್ಲೆಗಳಲ್ಲಿ ಒಂದಾದ ಮೇದಕ್‌ನಲ್ಲಿ ಅಂದು ಜಹೀರಾಬಾದ್, ನಾರಾಯಣಖೇಡ್‌ಗಳ ಕನ್ನಡಿಗರೂ ಇದ್ದರು. ‘ಜೀವಕ್ಕ ಸಮಾಧಾನ ಇಲ್ಲ’ ಎನ್ನುವ ಹೆಂಗಸಿನ ಮಾತು ತೆಲುಗಿನಲ್ಲೋ ಮರಾಠಿಯಲ್ಲೋ ದಾಖಲಾಗುವಾಗ, ಅಲ್ಲಿಂದ ಇಂಗ್ಲಿಷಿನ ರೋಗನಾಮಕ್ಕೆ ಹೋಗುವಾಗ, ಎರಡು ಸಲ ಅನುವಾದಗೊಳ್ಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ನೀಡಬೇಕೆನ್ನುತ್ತದೆ. ರೋಗಿಯ ಮಾತು ವೈದ್ಯರಿಗೆ ಅರ್ಥವಾಗಬೇಕಾದದ್ದು ಅದಕ್ಕಿಂತ ಮೊದಲಿನ ಹಂತ. ಅಕ್ಕಲಕೋಟೆಯಿಂದ ತಾಳವಾಡಿಯವರೆಗಿನ ಕನ್ನಡಗಳಲ್ಲಿ ಮನಸ್ಸಿನ ನೋವಿಗಿರುವ ಪದಗಳನ್ನು ಕಲೆಹಾಕಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒದಗುವಂತೆ ಮಾಡುವುದು ಭಾಷಾ ಸಂಶೋಧನೆಯೂ ಹೌದು, ಆರೋಗ್ಯಸೇವೆಯೂ ಹೌದು. ಕೋಟದಲ್ಲಿ ಆರಂಭವಾದ ಕೆಲಸದ ಆ ಭಾಗ ಇನ್ನೂ ಬಾಕಿಯಿದೆ.