ಖಾನೇಸುಮಾರಿಯ ಒಂದು ಪ್ರಶ್ನೆ

ನಿಜಾಮರ ಕಾಲದ ಉರ್ದು ದಫ್ತರಗಳಲ್ಲಿ ಅದರ ಹೆಸರು ಮರ್ದುಮ್‌ಶುಮಾರಿ. ಹಳೆಯ ಕನ್ನಡ ಕಾಗದಪತ್ರಗಳಲ್ಲಿ ಖಾನೇಸುಮಾರಿ. ಈಗಿನ ನಮಗೆ ಜನಗಣತಿ. ಹೆಸರು ಯಾವುದಾದರೂ ಕೆಲಸ ಒಂದೇ: ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಬರೆದುಕೊಳ್ಳುವುದು. ಆ ಪ್ರಶ್ನೆಗಳಲ್ಲೆಲ್ಲ ‘ನಿಮ್ಮ ಮಾತೃಭಾಷೆ ಯಾವುದು?’ ಎಂಬುದೇ ಅತ್ಯಂತ ಸುಲಭವಾದುದೆಂದು ಯಾರಿಗಾದರೂ ತೋರೀತು. ವಯಸ್ಸನ್ನು ಮರೆತವರುಂಟು, ಆದಾಯವನ್ನು ಮರೆಮಾಚುವವರುಂಟು. ತಾಯ್ನುಡಿಯನ್ನು ಅರಿಯದವರು ಯಾರು? ಆದರೂ ಈ ಪ್ರಶ್ನೆಯಷ್ಟು ವೇಷ ಬದಲಿಸಿದ ಪ್ರಶ್ನೆ ಗಣತಿಯ ಚರಿತ್ರೆಯಲ್ಲಿ ವಿರಳ.

1881ರಲ್ಲಿ ಕೇಳಿದುದು ತೊಟ್ಟಿಲಿನಿಂದ ಆಡಿದ ಮಾತನ್ನು. 1891ರಲ್ಲಿ ಅದು ತಂದೆತಾಯಿಗಳ ಮಾತಾಯಿತು. 1901ರಲ್ಲಿ ಮನೆಯೊಳಗೆ ಸಾಮಾನ್ಯವಾಗಿ ಬಳಸುವ ಮಾತು. 1931ರಲ್ಲಿ ಮತ್ತೆ ತೊಟ್ಟಿಲಿಗೇ ಹೋದರು. 1961ರಲ್ಲಿ, ಬಾಲ್ಯದಲ್ಲಿ ತಾಯಿ ಆಡುತ್ತಿದ್ದ ಮಾತು. ತಾಯಿ ಎಳವೆಯಲ್ಲೇ ತೀರಿಹೋಗಿದ್ದರೆ ಆ ಮನೆಯಲ್ಲಿ ನಡೆಯುತ್ತಿದ್ದ ಮಾತು. ಇವೆಲ್ಲ ಒಂದೇ ಅಲ್ಲವೇ ಎನ್ನುವವರು ಕಲಬುರಗಿಯಲ್ಲಿ ನಾಲ್ಕು ದಿನ ಇದ್ದು ನೋಡಬೇಕು. ತಾಯಿ ತಾಂಡೂರಿನ ಕಡೆಯ ತೆಲುಗಿನವಳು, ಮನೆಯಲ್ಲಿ ನಡೆಯುವುದು ಕನ್ನಡ, ಅಂಗಡಿಯ ವ್ಯವಹಾರವೆಲ್ಲ ದಖನಿ ಉರ್ದು: ಇಂಥವನೊಬ್ಬ 1901ರ ಮಾತಿನಂತೆ ಕನ್ನಡಿಗ, 1961ರ ಮಾತಿನಂತೆ ತೆಲುಗಿನವನು. ಆತ ಸುಳ್ಳಾಡಿಲ್ಲ, ಪ್ರಶ್ನೆಯೇ ಮಗ್ಗುಲು ಬದಲಿಸಿದೆ. ನಮ್ಮ ನುಡಿಯಲ್ಲಿ ತಾಯ್ನುಡಿ, ಮನೆಮಾತು, ಆಡುಮಾತು ಎಂದು ಮೂರು ಬೇರೆ ಶಬ್ದಗಳಿರುವುದು ಸುಮ್ಮನೆ ಅಲ್ಲ. ಇವನ್ನು ಬೆರೆಸಿ ಕೇಳಿದರೆ, ಒಂದು ಭಾಷೆಯ ಸಂಖ್ಯೆ ಏರಿದಾಗ ಜನ ಹೆಚ್ಚಿದರೋ ಅರ್ಥ ಬದಲಾಯಿತೋ ಎಂದು ಹೇಳುವುದು ಕಷ್ಟ.

ಪ್ರಶ್ನೆಯನ್ನು ಕೇಳದೆಯೇ ಬಿಟ್ಟುದೂ ಉಂಟು. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆ 1894ರಲ್ಲಿ ತೊಡಗಿ 1928ರಲ್ಲಿ ಮುಗಿದ ಮಹತ್ಕಾರ್ಯ. ಆದರೆ ಮದರಾಸು ಆಧಿಪತ್ಯವನ್ನೂ ಹೈದರಾಬಾದು, ಮೈಸೂರು ಸಂಸ್ಥಾನಗಳನ್ನೂ ಅದರಿಂದ ಹೊರಗಿಟ್ಟರು. ಮುಂಬಯಿ ಪ್ರಾಂತದ ಕನ್ನಡಕ್ಕೆ ಅಲ್ಲಿ ಸ್ಥಾನವಿದೆ; ಕಲಬುರಗಿಯ ಕನ್ನಡವನ್ನು ಯಾರೂ ಕೇಳಲಿಲ್ಲ.

ಉತ್ತರಕ್ಕೆ ಬೆಲೆ ಬಂದಾಗ ಕಥೆ ಇನ್ನೂ ತೊಡಕಾಯಿತು. 1951ರಲ್ಲಿ ಪಂಜಾಬಿನಲ್ಲಿ ಭಾಷೆಯ ಜಗಳ ಎಷ್ಟು ಏರಿತೆಂದರೆ, ಮನೆಯಲ್ಲಿ ಪಂಜಾಬಿ ಆಡುವ ಎಷ್ಟೋ ಮಂದಿ ಹಿಂದಿಯೆಂದು ಬರೆಸಿದರು. ಕಡೆಗೆ ಅಲ್ಲಿ ಹಿಂದಿ, ಉರ್ದು, ಪಂಜಾಬಿ, ಪಹಾಡಿಗಳ ಅಂಕಿಗಳನ್ನು ಒಟ್ಟಿಗೇ ಕೂಡಿಸಿ ಪ್ರಕಟಿಸಬೇಕಾಯಿತು. ಅದೇ 1951ರ ಗಣತಿಯ ಭಾಷಾಸಂಖ್ಯೆಗಳು 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ಮುಂದೆ ಬಂದುವು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಅದರ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಗಣತಿದಾರನು ಒಂದು ಅಂಕಣದಲ್ಲಿ ಬರೆದ ಒಂದು ಶಬ್ದಕ್ಕೆ ಸೀಮೆಯ ಕಲ್ಲು ನೆಡುವ ಬಲವಿತ್ತು.

ಈ ಹಳೆಯ ಕಥೆಯನ್ನು ನಾನು ಕೆದಕಲು ಕಾರಣ ನನ್ನ ವಿದ್ಯಾರ್ಥಿಗಳು. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತಲಿನ ತಾಂಡಾಗಳಲ್ಲಿ ನುಡಿಬಳಕೆಯ ಸಮೀಕ್ಷೆ ಮಾಡುವೆವೆಂದು ಅವರು ಪ್ರಶ್ನಾವಳಿ ಬರೆದು ತಂದರು. ಮೊದಲ ಪ್ರಶ್ನೆ: ‘ನೀವು ಕನ್ನಡವನ್ನು ಎಷ್ಟು ಪ್ರೀತಿಸುತ್ತೀರಿ?’ ಎರಡನೆಯದು: ‘ನಿಮ್ಮ ಮಾತೃಭಾಷೆ ಯಾವುದು?’ ಕನ್ನಡ ವಿಭಾಗದ ಹುಡುಗರು ಬಾಗಿಲಲ್ಲಿ ನಿಂತು ಹೀಗೆ ಕೇಳಿದರೆ, ಮರ್ಯಾದಸ್ಥನಾದ ಮನೆಯ ಯಜಮಾನ ಎರಡನೆಯದಕ್ಕೆ ಏನು ಹೇಳಿಯಾನು? ಮೊದಲನೆಯದನ್ನು ಹೊಡೆದುಹಾಕಿಸಿ, ಉಳಿದುದನ್ನು ಹತ್ತು ಮನೆಗಳಲ್ಲಿ ಕೇಳಿ ನೋಡಿ ಬನ್ನಿರೆಂದು ಕಳುಹಿದೆ. ತಾಂಡಾದ ಮುದುಕನೊಬ್ಬ ಹುಡುಗನಿಗೇ ತಿರುಗಿ ಕೇಳಿದನಂತೆ: “ಯಾರ ಕೂಡ ಆಡೋ ಮಾತು ಕೇಳತಿ ತಮ್ಮಾ? ಮನ್ಯಾಗ ಒಂದದ, ಬಜಾರದಾಗ ಒಂದದ, ಕಚೇರ್ಯಾಗ ಇನ್ನೊಂದದ.” ಪ್ರಶ್ನಾವಳಿಯ ಕೊರತೆಯನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದ ಪಂಡಿತರನ್ನು ನಾನು ಕಂಡಿಲ್ಲ.

ಆ ಮುದುಕನ ಮನೆಮಾತು ಲಂಬಾಣಿ. ಗಣತಿದಾರನು ಲಂಬಾಣಿಯೆಂದೇ ಬರೆದುಕೊಂಡನೆನ್ನೋಣ. ಅನಂತರ ದೂರದ ಕಚೇರಿಯಲ್ಲಿ ವರ್ಗೀಕರಣ ನಡೆಯುತ್ತದೆ. 2011ರ ಗಣತಿಯಲ್ಲಿ ಹಿಂದಿಯ ಒಟ್ಟು ಸಂಖ್ಯೆ 52.83 ಕೋಟಿ, ಹಿಂದಿಯೆಂಬ ಹೆಸರಿನ ಮಾತೃಭಾಷೆಯ ಸಂಖ್ಯೆಯಾದರೋ 32.22 ಕೋಟಿ. ಉಳಿದವರು ಭೋಜಪುರಿ, ರಾಜಸ್ಥಾನಿ ಮೊದಲಾದುವನ್ನು ಹೇಳಿದವರು. ಅವರೊಳಗೆ 32 ಲಕ್ಷಕ್ಕೂ ಮಿಕ್ಕ ಲಂಬಾಣಿಗಳೂ ಸೇರಿದ್ದಾರೆ. ಲಂಬಾಣಿಯು ರಾಜಸ್ಥಾನಿಗೆ ಹತ್ತಿರದ ನುಡಿಯೆಂಬುದು ವಿದ್ವಾಂಸರ ಮತ. ಇರಲಿ, ಕಮಲಾಪುರದ ತಾಂಡಾದಲ್ಲಿ ಮಗುವಿಗೆ ಜೋಗುಳ ಹಾಡುವ ತಾಯಿಗೆ ತಾನು ಹಿಂದಿಯವಳೆಂಬ ಸಂಗತಿ ಗೊತ್ತೇ? ಹಾಗೆಂದು ನಾವು ಹಿಂದಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಅದೇ ಗಣತಿಯ ಕನ್ನಡದ ಲೆಕ್ಕದಲ್ಲಿ ನೀಲಗಿರಿಯ 1.33 ಲಕ್ಷ ಬಡಗ ನುಡಿಯವರು ಅಡಗಿದ್ದಾರೆ. ಬಡಗ ಬೇರೆ ಭಾಷೆಯೆಂದು ವಾದಿಸುವ ಭಾಷಾಶಾಸ್ತ್ರಜ್ಞರಿದ್ದಾರೆ; ನಾವು ಮಾತ್ರ ಆ ಸಂಖ್ಯೆಯನ್ನು ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡಿದ್ದೇವೆ. ಒಳವಿವರ ಗಣತಿಯ ಕೋಷ್ಟಕದಲ್ಲಿ ಇದ್ದೇ ಇದೆ, ಹುಡುಕಿದವರಿಗೆ ಸಿಕ್ಕುತ್ತದೆ. ಆದರೆ ಸಭೆಗಳಲ್ಲಿ ಕೇಳಿಬರುವುದು ದೊಡ್ಡ ಮೊತ್ತ ಮಾತ್ರ.

ಬರೆದುಕೊಳ್ಳುವವನ ಒಲವನ್ನು ಹಿಡಿಯಲು ಮಹಾಲನೋಬಿಸರು ಒಂದು ಉಪಾಯ ಕಂಡಿದ್ದರು. 1930ರ ದಶಕದ ಕೊನೆಗೆ ಬಂಗಾಳದ ಸೆಣಬಿನ ಬೆಳೆಯ ಅಂದಾಜಿಗೆ ಹೊರಟಾಗ, ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆಬೇರೆಯಾಗಿ ಕಳುಹಿಸಿ ಇಬ್ಬರ ಲೆಕ್ಕವನ್ನೂ ಹೋಲಿಸುವುದು ಅವರ ಕ್ರಮ. ಅಂತರ ಹೆಚ್ಚಾಗಿ ಕಂಡರೆ ಯಾವುದೋ ತಂಡದ ಕೈ ವಾಲಿದೆಯೆಂದು ತಿಳಿಯುತ್ತಿತ್ತು. ನಮ್ಮ ಹುಡುಗರನ್ನೂ ಎರಡು ಪಂಗಡ ಮಾಡಿದೆ. ಒಂದರಲ್ಲಿ ತಾಂಡಾದಲ್ಲೇ ಹುಟ್ಟಿ ಬೆಳೆದವರು, ಇನ್ನೊಂದರಲ್ಲಿ ಪೇಟೆಯವರು. ಪೇಟೆಯ ಹುಡುಗರಿಗೆ ಕನ್ನಡವೆಂದು ಉತ್ತರಿಸಿದ ಕೆಲವು ಮನೆಗಳವರು ತಾಂಡಾದ ಹುಡುಗರಿಗೆ ಲಂಬಾಣಿಯೆಂದರು. ಈಗ ಪ್ರಶ್ನೆ ಮೂರಾಗಿ ಒಡೆದಿದೆ: ತಾಯಿ ನಿಮ್ಮೊಡನೆ ಆಡಿದ ಮಾತು, ನೀವು ಮಕ್ಕಳೊಡನೆ ಆಡುವ ಮಾತು, ಸಂತೆಯಲ್ಲಿ ಆಡುವ ಮಾತು. ಮುಂದೆ ಖಾಲಿ ಜಾಗ. ಭಾಷೆಗಳ ಪಟ್ಟಿ ಕೊಟ್ಟಿಲ್ಲ. ಮೊನ್ನೆ ತಿರುಗಿ ಬಂದ ಹಾಳೆಯೊಂದರಲ್ಲಿ ಮೊದಲ ಜಾಗದಲ್ಲಿ ಲಂಬಾಣಿ ಎಂದೂ ಇರಲಿಲ್ಲ, ಹಿಂದಿ ಎಂದೂ ಇರಲಿಲ್ಲ. ಅಜ್ಜಿಯೊಬ್ಬಳ ಬಾಯಿಂದ ಬಂದಂತೆಯೇ ಹುಡುಗಿ ಬರೆದುಕೊಂಡಿದ್ದಳು: ಗೋರ್ ಬೋಲಿ.