ದೆವ್ವಕ್ಕೆ ಮುಖ ಬೇಕಿಲ್ಲ, ದನಿ ಸಾಕು!

1938ರ ಜುಲೈ 11. ಅಮೆರಿಕದ ಮನೆಗಳಿಗೆ ಟಿವಿ ಇನ್ನೂ ಬಂದಿರಲಿಲ್ಲ. ರಾತ್ರಿಯಾದರೆ ಮನೆಮಂದಿಯೆಲ್ಲ ರೇಡಿಯೋ ಮುಂದೆ ಕೂರುವ ಕಾಲ. ಅವತ್ತು ಸಿಬಿಎಸ್ ರೇಡಿಯೋದಲ್ಲಿ ಹೊಸ ನಾಟಕ ಸರಣಿಯೊಂದು ಶುರುವಾಯ್ತು. ಹೆಸರು 'ಮರ್ಕ್ಯುರಿ ಥಿಯೇಟರ್ ಆನ್ ದಿ ಏರ್'. ಅದರ ಸೂತ್ರಧಾರ ಆರ್ಸನ್ ವೆಲ್ಸ್. ವಯಸ್ಸೆಷ್ಟು ಗೊತ್ತಾ? ಬರೀ 23! ಮೊದಲ ಕಂತಿಗೇ ಆತ ಆರಿಸಿಕೊಂಡಿದ್ದು 'ಡ್ರಾಕುಲಾ'.

ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಕಾದಂಬರಿ ಅದು. ಹಳೇ ಕೋಟೆ, ತೋಳಗಳ ಊಳು, ರಕ್ತ ಹೀರುವ ಕೌಂಟ್. ಕಣ್ಣಿಗೆ ಏನನ್ನೂ ತೋರಿಸದೆ, ಒಂದೇ ಗಂಟೆಯಲ್ಲಿ ಇದನ್ನು ಹೇಳೋದು ಹೇಗೆ?

ಗುಟ್ಟು ಇರೋದು ಕಾದಂಬರಿಯಲ್ಲೇ. ಅದರಲ್ಲಿ ಕಥೆ ಹೇಳುವವರು ಒಬ್ಬರಲ್ಲ. ಒಬ್ಬರ ದಿನಚರಿ, ಇನ್ನೊಬ್ಬರ ಪತ್ರ, ಹಡಗಿನ ಕ್ಯಾಪ್ಟನ್ ಬರೆದಿಟ್ಟ ದಾಖಲೆ, ಪತ್ರಿಕೆಯ ತುಣುಕು. ಎಲ್ಲವೂ ಸಾಕ್ಷಿ ಹೇಳಿಕೆ ಇದ್ದಂಗೆ. ವೆಲ್ಸ್ ಅದನ್ನೇ ಹಿಡಿದುಕೊಂಡ. ಡ್ರಾಕುಲಾನ ದನಿಯೂ ಆತನದೇ, ಡಾಕ್ಟರ್ ಸೆವಾರ್ಡ್‌ನ ದನಿಯೂ ಆತನದೇ! ಸಂಗೀತ ಬರ್ನಾರ್ಡ್ ಹರ್ಮನ್‌ದು. ಹೌದು, ಮುಂದೆ ಹಿಚ್‌ಕಾಕ್‌ನ 'ಸೈಕೋ'ಗೆ ಸಂಗೀತ ಕೊಟ್ಟ ಅದೇ ಹರ್ಮನ್.

ರೇಡಿಯೋದಲ್ಲಿ ಬಾಗಿಲು ಕಿರ್ರ್ ಅಂದರೆ ಸಾಕು. ಬಾಗಿಲ ಹಿಂದೆ ನಿಂತಿರೋದು ಯಾರು ಅನ್ನೋದನ್ನು ಕೇಳುಗನೇ ಕಲ್ಪಿಸಿಕೊಳ್ಳುತ್ತಾನೆ. ಅವನಿಗೆ ಯಾವುದರ ಭಯವೋ ಅದೇ ಅಲ್ಲಿ ನಿಂತಿರುತ್ತೆ!

ಇನ್ನೂ ನಾಲ್ಕು ತಿಂಗಳು ಕಳೆದಿರಲಿಲ್ಲ. ಅಕ್ಟೋಬರ್ 30ರ ರಾತ್ರಿ ಇದೇ ತಂಡ ಎಚ್.ಜಿ. ವೆಲ್ಸ್‌ರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕೈಗೆತ್ತಿಕೊಂಡಿತು. ಈ ಸಲ ದಿನಚರಿಯ ಜಾಗದಲ್ಲಿ ಸುದ್ದಿ ಬುಲೆಟಿನ್. ಸಂಗೀತ ಕಾರ್ಯಕ್ರಮವನ್ನು ನಡುವೆಯೇ ನಿಲ್ಲಿಸಿ ಸುದ್ದಿ: ನ್ಯೂಜೆರ್ಸಿಯಲ್ಲಿ ಮಂಗಳ ಗ್ರಹದವರು ಇಳಿದಿದ್ದಾರೆ! ಕೆಲವರು ನಿಜ ಅಂತಲೇ ನಂಬಿದರು. ಪೊಲೀಸರಿಗೆ, ಪತ್ರಿಕಾ ಕಚೇರಿಗಳಿಗೆ ಫೋನ್ ಮೇಲೆ ಫೋನ್. ಮರುದಿನದ ಪತ್ರಿಕೆಗಳಂತೂ ದೇಶಕ್ಕೆ ದೇಶವೇ ದಿಕ್ಕೆಟ್ಟು ಓಡಿತು ಎಂಬಂತೆ ಬರೆದವು. ಆ ವರದಿಗಳಲ್ಲಿ ಉತ್ಪ್ರೇಕ್ಷೆಯೇ ಹೆಚ್ಚು ಅಂತ ಮುಂದೆ ಸಂಶೋಧಕರು ತೋರಿಸಿಕೊಟ್ಟರು.

ಸುದ್ದಿ ಓದುವವನಾಗಿ ನನ್ನನ್ನು ಕಾಡೋದು ಇದೇ ನೋಡಿ. ಹೆದರಿಸಿದ ನಾಟಕದವನು ಕೊನೆಗೆ ಮೈಕ್ ಮುಂದೆ ಬಂದು, ಇದೆಲ್ಲ ಹ್ಯಾಲೋವೀನ್ ಹಬ್ಬದ ತಮಾಷೆ ಅಂತ ತಾನೇ ಹೇಳಿದ. ನಿಜ ಹೇಳಬೇಕಾದ ಪತ್ರಿಕೆಗಳು ಒಂದಕ್ಕೆ ಹತ್ತು ಸೇರಿಸಿದವು. ಹಾಗಾದರೆ ಜನರನ್ನು ಹೆಚ್ಚು ಮೋಸ ಮಾಡಿದ್ದು ಯಾರು?

ಇವತ್ತು ನಮ್ಮ ಸ್ಟುಡಿಯೋಗಳನ್ನೇ ನೋಡಿ. ಒಂದು ಗ್ರಹಣದ ಸುದ್ದಿಗೂ ದೆವ್ವದ ಸಿನಿಮಾದ ಮ್ಯೂಸಿಕ್ ಹಾಕ್ತೀವಿ. ಬೇರೆಯವರನ್ನು ಯಾಕೆ ಬೈಯಲಿ, ನಾನು ಕೂರೋದೂ ಅಂಥದ್ದೇ ಕುರ್ಚಿಯಲ್ಲಿ. ಅವತ್ತು ನಾಟಕದವರು ಸುದ್ದಿಯ ದನಿಯನ್ನು ಒಂದು ಗಂಟೆ ಕಡ ತಂದರು. ಮುಗಿದ ಮೇಲೆ ವಾಪಸ್ ಕೊಟ್ಟರು.

ನಾವು ದೆವ್ವದ ದನಿಯನ್ನು ಕಡ ತಂದು ಎಷ್ಟೋ ವರ್ಷವಾಯ್ತು. ವಾಪಸ್ ಕೊಡೋದು ಯಾವಾಗ?