ಇಸಿಲದ ಮಹಾಮಾತ್ರರೂ ವನ್ಯಜೀವಿ ಮಂಡಳಿಯೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಅಶೋಕನ ಶಾಸನದ ಮುಂದೆ ನಾನು ತುಸು ಹೆಚ್ಚು ಹೊತ್ತು ನಿಲ್ಲುವುದುಂಟು. 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಈ ಶಾಸನವು ಸುವರ್ಣಗಿರಿಯ ಆರ್ಯಪುತ್ರನ ಮೂಲಕ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯ ನುಡಿಯಬೇಕು ಎಂಬುದನ್ನು ಹೇಳಿ, ಈ ಕಾರ್ಯ ಬಹುಕಾಲ ನಿಲ್ಲಲೆಂದೂ ಅದು ಹಾರೈಸುತ್ತದೆ.

ಅಶೋಕನು ಬರಿಯ ಹಾರೈಕೆಯನ್ನೇ ನೆಚ್ಚಿ ಕುಳಿತವನಲ್ಲ. ಅಧಿಕಾರಿಗಳು ಐದು ವರ್ಷಕ್ಕೊಮ್ಮೆ ನಾಡಿನಲ್ಲಿ ಸಂಚಾರ ಹೊರಡಬೇಕೆಂದು ತನ್ನ ಮೂರನೆಯ ಬಂಡೆ ಶಾಸನದಲ್ಲಿ ವಿಧಿಸಿದ. ಸಂಚಾರವೆಂದರೆ ವರ್ಗಾವಣೆಯೆಂದೇ ಅರ್ಥಮಾಡಿದ ವಿದ್ವಾಂಸರೂ ಇದ್ದಾರೆ. ಅಧ್ಯಾಪಕನಾದ ನನಗೆ ಆ ಅರ್ಥ ಬಹಳ ಬೇಗ ತಿಳಿಯುತ್ತದೆ! ಅದೇನೇ ಇರಲಿ, ಕಾಲದ ಲೆಕ್ಕ ಕಲ್ಲಿನ ಮೇಲಿತ್ತು.

ಪ್ರಾಣಿದಯೆಯ ಹೊಣೆ ಇಂದು ಕಾಯಿದೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ ರಾಜ್ಯ ವನ್ಯಜೀವಿ ಮಂಡಳಿಗೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ವರ್ಷಕ್ಕೆ ಎರಡು ಸಭೆಯಾದರೂ ನಡೆಯಬೇಕು. ಸರ್ಕಾರ ನೇಮಿಸುವ ಹತ್ತು ತಜ್ಞರಲ್ಲಿ ಇಬ್ಬರಾದರೂ ಪರಿಶಿಷ್ಟ ಪಂಗಡದವರಿರಬೇಕು. ನಾಯಕ ಜನರು ತುಂಬಿರುವ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. ಇಷ್ಟೆಲ್ಲ ಎಣಿಸಿದ ಕಾಯಿದೆ, ನೇಮಕಗೊಂಡ ಸದಸ್ಯ ಎಷ್ಟು ವರ್ಷ ಇರಬೇಕು, ಎಷ್ಟು ಬಾರಿ ಬರಬಹುದು ಎಂಬುದನ್ನು ಮಾತ್ರ ಎಣಿಸಲಿಲ್ಲ. ಅವಧಿಯನ್ನು ಸರ್ಕಾರ ರಚಿಸುವ ನಿಯಮಗಳಿಗೆ ಬಿಟ್ಟಿತು. ರಾಷ್ಟ್ರೀಯ ಮಂಡಳಿಗೂ ಇದೇ ಕ್ರಮ.

ಅವಧಿ ಮುಗಿದು ಮಂಡಳಿಯನ್ನು ಹೊಸದಾಗಿ ಕಟ್ಟುವ ಗಳಿಗೆಯೇ ಅಪಾಯದ್ದು. 2014ರ ಜುಲೈನಲ್ಲಿ ರಾಷ್ಟ್ರೀಯ ಮಂಡಳಿಯನ್ನು ಪುನಾರಚಿಸಿದಾಗ ಐದು ಸಂಸ್ಥೆಗಳಿರಬೇಕಾದ ಕಡೆ ಒಂದು, ಹತ್ತು ತಜ್ಞರಿರಬೇಕಾದ ಕಡೆ ಇಬ್ಬರು ಬಂದರು. ಸುಪ್ರೀಂ ಕೋರ್ಟು ಆಗಸ್ಟಿನಲ್ಲಿ ಆ ಮಂಡಳಿಯ ತೀರ್ಮಾನಗಳಿಗೆ ತಡೆ ಹಾಕಿತು.

ಅದೇ ಆಗಸ್ಟಿನಲ್ಲಿ ಚಳ್ಳಕೆರೆಯ ಕಾವಲುಗಳ ಮೊಕದ್ದಮೆಯಲ್ಲಿ ಹಸಿರು ನ್ಯಾಯಮಂಡಳಿಯ ತೀರ್ಪೂ ಬಂತು. ಮೈಸೂರು ಅರಸರು ಅಮೃತಮಹಲ್ ದನಗಳಿಗೆ ಮೀಸಲಿಟ್ಟಿದ್ದ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಹೋಗಿತ್ತು. ಅದು ಮರಳಿ ಕಾವಲಾಗಲಿಲ್ಲ. ಯಾವ ನೆಲವನ್ನು ವನ್ಯಜೀವಿಗಳಿಗಾಗಿ ಆರಿಸಬೇಕೆಂದು ಸಲಹೆ ಕೊಡುವುದು ರಾಜ್ಯ ಮಂಡಳಿಯ ಕೆಲಸ. ಕಾವಲು ಕಾಡಿನಂತೆ ಕಣ್ಣಿಗೆ ಹೊಡೆಯುವುದಿಲ್ಲ. ಬೇಸಗೆಯಲ್ಲಿ ನೋಡಿದವನಿಗೆ ಬರಿಯ ಬಯಲು. ನಾಲ್ಕಾರು ಮಳೆಗಾಲ ಕಂಡವನಿಗಷ್ಟೇ ಅದರ ಬೆಲೆ ತಿಳಿದೀತು. ಹಾಗೆಂದು ಅದೇ ಮುಖಗಳು ಕಡೆತನಕ ಕುಳಿತಿರುವುದೂ ಬೇಡ. ರಾಜ್ಯಸಭೆಯಲ್ಲಿ ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ಸದಸ್ಯರು ನಿವೃತ್ತರಾಗುವಂತೆ ಇಲ್ಲಿಯೂ ಆಗಬೇಕು, ಆ ಲೆಕ್ಕ ಕಾಯಿದೆಯಲ್ಲಿಯೇ ಇರಬೇಕೆಂಬುದು ನನ್ನ ಅಭಿಪ್ರಾಯ. ಬೇಲಿಯಾಚೆ ಉಳಿದ ಹುಲ್ಲಿಗೆ ಕುರಿಮಂದೆಗಳೂ ಕೃಷ್ಣಮೃಗಗಳೂ ಇಂದಿಗೂ ಬರುತ್ತಿವೆ.